ಮಗನೆನಿಸಿಕೊಳ್ಳಲು ಬಿರುದು ಬೇಕೆ?

ಗೇ ಮಗ, ಸಂಪ್ರದಾಯಸ್ಥ ಅಪ್ಪ, ಇಬ್ಬರ ನಡುವೆ ಕಲೆ. ಈ ಕತೆಯ ಕೊನೆ ನಮಗೆಲ್ಲ ಬಾಯಿಪಾಠವಾಗಿಬಿಟ್ಟಿದೆ. ಮಗ ಮನೆ ಬಿಟ್ಟು ಹೋಗುತ್ತಾನೆ. ಹಸಿವು, ಅವಮಾನ ಎಲ್ಲ ಉಂಡು ನರ್ತಕನೋ ಚಿತ್ರಕಾರನೋ ಆಗುತ್ತಾನೆ. ದೊಡ್ಡ ವೇದಿಕೆ ಹತ್ತುತ್ತಾನೆ. ಕೊನೆಯ ದೃಶ್ಯದಲ್ಲಿ ಅಪ್ಪ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಶಲ್ಯದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾನೆ. ಇಬ್ಬರೂ ತಬ್ಬಿಕೊಳ್ಳುತ್ತಾರೆ. ನೋಡುವವರ ಕಣ್ಣೂ ಒದ್ದೆಯಾಗುತ್ತದೆ. ಕೊನೆಗೂ ಪ್ರೀತಿ ಗೆದ್ದಿತು ಎಂದುಕೊಂಡು ಮನೆಗೆ ಹೋಗುತ್ತೇವೆ.

ನನ್ನ ತಕರಾರು ಈ ಕೊನೆಯ ದೃಶ್ಯದ ಮೇಲೆಯೇ. ಅಲ್ಲಿ ಗೆದ್ದದ್ದು ಅಪ್ಪನ ಷರತ್ತು. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಸಾಲದು, ಮಗನೆನಿಸಿಕೊಳ್ಳುವ ಯೋಗ್ಯತೆಯನ್ನು ಊರ ಮುಂದೆ ತೋರಿಸು ಎಂಬ ಷರತ್ತು. ಮಗ ತೋರಿಸಿದ, ಅಪ್ಪ ಬಾಗಿಲು ತೆರೆದ. ತೋರಿಸಲಾಗದೆ ಹೋಗಿದ್ದರೆ? ಆ ಪ್ರಶ್ನೆಯನ್ನು ಕತೆ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಇದು ಪರದೆಯ ಮೇಲಷ್ಟೇ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಈಗ ಇದು ಬುದ್ಧಿವಾದವಾಗಿ ಮನೆಮನೆಗೂ ಬಂದಿದೆ. ಹುಡುಗನೊಬ್ಬ ಧೈರ್ಯ ಮಾಡಿ ತನ್ನ ವಿಷಯ ಹೇಳಿಕೊಂಡರೆ ಚಿಕ್ಕಪ್ಪ, ಮೇಷ್ಟ್ರು, ಓದಿಕೊಂಡ ಅಕ್ಕ, ಎಲ್ಲರ ಬಾಯಲ್ಲೂ ಒಂದೇ ಮಾತು: "ಈಗಲೇ ಅಪ್ಪನ ಹತ್ರ ಬಾಯಿ ಬಿಡಬೇಡ ಕಣೋ. ಮೊದಲು ಏನಾದ್ರೂ ಆಗಿ ತೋರಿಸು. ನಾಲ್ಕು ಜನ ಹೊಗಳೋ ಹಾಗಾದ್ರೆ ಅವರೇ ಒಪ್ತಾರೆ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಆ ಮಾತು ಹುಡುಗನಿಗೆ ಕಲಿಸುವುದೇನು? ನೀನು ಈಗಿರುವಂತೆ ಒಪ್ಪಿಕೊಳ್ಳಲು ತಕ್ಕವನಲ್ಲ, ನಿನ್ನಲ್ಲೊಂದು ಕೊರತೆಯಿದೆ, ಆ ಕೊರತೆಯನ್ನು ಮುಚ್ಚುವಷ್ಟು ದೊಡ್ಡದೇನಾದರೂ ಸಂಪಾದಿಸಿಕೊಂಡು ಬಾ ಎಂದು. ಹದಿನೇಳು ವರ್ಷದ ಮಗುವಿನ ತಲೆಯ ಮೇಲೆ ಇದಕ್ಕಿಂತ ಭಾರವಾದದ್ದನ್ನು ಹೊರಿಸಲು ಸಾಧ್ಯವೆ?

ಎಲ್ಲ ಮಕ್ಕಳೂ ಕಲಾವಿದರಾಗುತ್ತಾರೆಯೆ? ಶಿರಸಿಯ ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಹುಡುಗ, ಹುಬ್ಬಳ್ಳಿಯಲ್ಲಿ ಬೆಳಗಿನ ಮೊದಲ ಬಸ್ಸಿಗೆ ಟಿಕೆಟ್ ಮಷಿನ್ ಹಿಡಿದು ಹತ್ತುವ ಕಂಡಕ್ಟರ್, ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲ ಮಲಗುವ ಐಟಿಐ ಓದಿದವನು, ತುಮಕೂರಿನ ಸಹಕಾರಿ ಬ್ಯಾಂಕಿನ ಗುಮಾಸ್ತ. ಇವರಲ್ಲೂ ಸಲಿಂಗ ಒಲವಿನವರು ಇದ್ದಾರೆ. ಇವರಿಗೆ ಹಾಡು ಬರುವುದಿಲ್ಲ, ಕುಣಿತ ಬರುವುದಿಲ್ಲ, ಬರೆಯುವ ಅಭ್ಯಾಸವಿಲ್ಲ. ಇವರ ಅಪ್ಪಂದಿರು ಯಾವ ಸಭೆಯಲ್ಲಿ ಕೂತು ಅಳಬೇಕು? ಕಲೆಯಾದರೂ ಎಲ್ಲರ ಕೈಗೆ ಎಟುಕುವ ವಸ್ತುವೆ? ಬೆಂಗಳೂರಿನಲ್ಲಿ ಒಂದು ರಂಗಪ್ರವೇಶ ಮಾಡಿಸಬೇಕೆಂದರೆ ಸಭಾಂಗಣ, ಪಕ್ಕವಾದ್ಯ, ಉಡುಗೆ, ಊಟ ಎಂದು ಲಕ್ಷಗಟ್ಟಲೆ ಬೇಕು. ಕೂಲಿ ಮಾಡುವವರ ಮಗನಿಗೆ ಅಪ್ಪನ ಪ್ರೀತಿಯ ಅರ್ಜಿ ಹಾಕುವ ಬಾಗಿಲೇ ಇಲ್ಲವೆಂದಾಯಿತು. ಇನ್ನು ಹುಡುಗಿಯನ್ನೇ ಪ್ರೀತಿಸುವ ಹುಡುಗಿಗೆ ಈ ಕತೆಯಲ್ಲಿ ಪಾತ್ರವೇ ಇಲ್ಲ. ಅವಳು ಎಷ್ಟು ಚೆನ್ನಾಗಿ ಹಾಡಿದರೂ ಮನೆಯವರು ಹುಡುಕುವುದು ವರನನ್ನೇ.

ಷರತ್ತನ್ನು ಪೂರೈಸಿದವನಿಗಾದರೂ ಸಿಗುವುದೇನು ಎಂದು ಹತ್ತಿರದಿಂದ ನೋಡೋಣ. ಸನ್ಮಾನ ಸಮಾರಂಭ ನಡೆಯುತ್ತಿರುತ್ತದೆ. ಕಲಾವಿದನ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ. ನಿರೂಪಕಿ ಮೈಕಿನಲ್ಲಿ ತಂದೆತಾಯಿಯನ್ನು ವೇದಿಕೆಗೆ ಕರೆಯುತ್ತಾಳೆ. ಅಪ್ಪ ಬರುತ್ತಾರೆ, ಎದೆಯುಬ್ಬಿಸಿ ನಿಲ್ಲುತ್ತಾರೆ, ಮಗನ ಭುಜದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಸಭಾಂಗಣದ ಪಕ್ಕದ ಬಾಗಿಲಲ್ಲಿ ಒಬ್ಬ ನಿಂತಿರುತ್ತಾನೆ. ಬೆಳಗಿನಿಂದ ಕಾರು ಓಡಿಸಿದವನು, ಮೇಕಪ್ ಪೆಟ್ಟಿಗೆ ಹೊತ್ತವನು, ಗೆಜ್ಜೆಯ ಹಗ್ಗ ಬಿಗಿದವನು, ಕಲಾವಿದನಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಕೂತವನು. ಅವನನ್ನು ಯಾರೂ ಕರೆಯುವುದಿಲ್ಲ. ಯಾರಾದರೂ ನೆಂಟರು "ಇವನ್ಯಾರು?" ಎಂದರೆ ಅಪ್ಪನ ಉತ್ತರ ಸಿದ್ಧವಾಗಿರುತ್ತದೆ: "ರೂಮ್‌ಮೇಟು." ಊಟದ ಪಂಕ್ತಿಯಲ್ಲಿ ಅವನು ಡ್ರೈವರುಗಳ ಜೊತೆ ಕೂರುತ್ತಾನೆ. ಮನೆಗೆ ಬಂದ ಮೇಲೆ ಅಪ್ಪ ಮಗನನ್ನು ಒಳಕ್ಕೆ ಕರೆದು ಹೇಳುತ್ತಾರೆ: "ನಿನ್ನ ಕಾರ್ಯಕ್ರಮ ತುಂಬಾ ಚೆನ್ನಾಗಿತ್ತು ಕಣಪ್ಪ. ಆದ್ರೆ ಆ ವಿಷಯ ಮಾತ್ರ ಮನೇಲಿ ಎತ್ತಬೇಡ."

ಅಪ್ಪ ಒಪ್ಪಿಕೊಂಡದ್ದು ಯಾರನ್ನು? ಪೇಟವನ್ನು, ಶಾಲನ್ನು, ಪತ್ರಿಕೆಯಲ್ಲಿ ಬಂದ ಫೋಟೋವನ್ನು. ಮಗ ಇನ್ನೂ ಹೊರಗೇ ಇದ್ದಾನೆ. ಇದನ್ನೇ ನಾವು ಸುಖಾಂತ್ಯವೆಂದು ಕರೆದು ಚಪ್ಪಾಳೆ ತಟ್ಟುತ್ತಿದ್ದೇವೆ.

ರಂಗದ ಮೇಲೆ ಒಪ್ಪುವುದು, ಮನೆಯಲ್ಲಿ ತಳ್ಳುವುದು ನಮ್ಮ ನಾಡಿಗೆ ಹೊಸತೇನಲ್ಲ. ಯಕ್ಷಗಾನದ ಚೌಕಿಯಲ್ಲಿ ಗಂಡಸರು ಸೀರೆಯುಟ್ಟು, ತುರುಬು ಕಟ್ಟಿ, ಮೋಹಿನಿಯಾಗಿ, ದಮಯಂತಿಯಾಗಿ ರಂಗಕ್ಕೆ ಬಂದಾಗ ಕರಾವಳಿ ಮತ್ತು ಮಲೆನಾಡು ಬೆಳಗಿನ ಜಾವದವರೆಗೂ ಕಣ್ಣು ಮಿಟುಕಿಸದೆ ನೋಡಿದೆ. ಹೆಣ್ಣುವೇಷದ ಕಲಾವಿದರ ನಡೆ, ನೋಟ, ಲಾಸ್ಯವನ್ನು ನಮ್ಮ ಹಿರಿಯರು ತಿಂಗಳುಗಟ್ಟಲೆ ಮಾತಾಡಿಕೊಂಡಿದ್ದಾರೆ. ವೇಷಕ್ಕೂ ಒಲವಿಗೂ ಸಂಬಂಧವಿಲ್ಲ. ಹೆಣ್ಣುವೇಷ ಹಾಕುವುದು ಒಂದು ವಿದ್ಯೆ, ಅದನ್ನು ನೋಡಿ ಯಾರ ಖಾಸಗಿ ಬದುಕನ್ನೂ ಊಹಿಸುವುದು ತಪ್ಪು. ನನ್ನ ಪ್ರಶ್ನೆ ನೋಡುವವರಿಗೆ. ಗಂಡಸಿನ ಮೈಯಲ್ಲಿ ಲಾಲಿತ್ಯವನ್ನು ಕಂಡು ಮೆಚ್ಚಿದ ಅಪ್ಪನೇ ತನ್ನ ಮಗನ ನಡಿಗೆ ಸ್ವಲ್ಪ ಮೆದುವಾಯಿತೆಂದು ಬೆನ್ನ ಮೇಲೆ ಬಾರಿಸುವುದೇಕೆ? ಹರಿಯೂ ಹರನೂ ಕೂಡಿದ ಮೋಹಿನಿಯ ಕತೆಯನ್ನು ಕೈಮುಗಿದು ಕೇಳಿದವರು, ಬೃಹನ್ನಳೆಯ ಕತೆಯನ್ನು ಮೊಮ್ಮಕ್ಕಳಿಗೆ ಹೇಳಿದವರು, ಸ್ವಂತ ಮಗನ ಮಾತನ್ನು ಐದು ನಿಮಿಷ ಕೂತು ಕೇಳಲಾರರೆ? ಕಲಾವಿದರ ನಡುವೆಯೂ ಸಲಿಂಗ ಒಲವಿನವರು ಇರಬಹುದು ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಕಲೆಗೆ ಅವಮಾನವಾಯಿತೆಂಬ ಕೂಗೇಳುತ್ತದೆ. ಇಡೀ ಸಮುದಾಯದ ಬಗ್ಗೆ ಸಾರಾಸಗಟು ಮಾತಾಡುವುದು ಸರಿಯಲ್ಲ, ನಿಜ. ಆದರೆ ಹಾಗೆ ಇರುವುದೇ ಕಳಂಕವೆಂದು ಕೂಗುವವರು ತಮ್ಮ ನಡುವೆ ಬಾಯಿ ಮುಚ್ಚಿಕೊಂಡು ಕೂತಿರುವ ಹುಡುಗನಿಗೆ ಏನು ಹೇಳಿದಂತಾಯಿತು ಎಂದು ಒಮ್ಮೆಯಾದರೂ ಯೋಚಿಸಿದ್ದಾರೆಯೆ?

ಮಂಜಮ್ಮ ಜೋಗತಿಯವರ ಬದುಕನ್ನು ನೋಡಿ. ಅವರದು ಲಿಂಗದ ಗುರುತಿನ ವಿಷಯ, ಗೇ ಮಗನದು ಒಲವಿನ ವಿಷಯ, ಎರಡೂ ಒಂದಲ್ಲ. ಆದರೆ ಮನೆಯ ಬಾಗಿಲು ಇಬ್ಬರಿಗೂ ಒಂದೇ ರೀತಿ ಮುಚ್ಚುತ್ತದೆ. ಹುಡುಗನಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಅವರು ವಿಷ ಕುಡಿದು ಬದುಕುಳಿದವರು, ಭಿಕ್ಷೆ ಬೇಡಿದವರು, ಆಮೇಲೆ ಜೋಗತಿ ನೃತ್ಯ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗು ನೀವಾಳಿಸಿ ರಾಷ್ಟ್ರಪತಿಯವರಿಗೇ ದೃಷ್ಟಿ ತೆಗೆದರು. ಆ ವಿಡಿಯೋವನ್ನು ಇಡೀ ಕರ್ನಾಟಕ ಹೆಮ್ಮೆಯಿಂದ ಹಂಚಿಕೊಂಡಿತು. ಹೆಮ್ಮೆ ಪಟ್ಟ ಮನೆಗಳಲ್ಲಿ ಎಷ್ಟು ಮನೆಗಳು ಮಂಜಮ್ಮನಂಥ ಮಗುವನ್ನು ಇಟ್ಟುಕೊಳ್ಳುತ್ತಿದ್ದವು? ಅವರ ಸಾಧನೆ ಅವರದು; ನಮ್ಮ ನಿರ್ದಯೆಯ ನಡುವೆಯೂ ಅವರು ಮಾಡಿದ್ದು. ವಿಷದ ಬಾಟಲಿಯನ್ನು ದಾಟಿ ಬಂದ ಒಬ್ಬರನ್ನು ತೋರಿಸಿ "ನೋಡು, ಕಲೆಯಿಂದ ಎಲ್ಲ ಸರಿಹೋಯಿತು" ಎನ್ನುವುದು ದಾಟಲಾಗದೆ ಹೋದ ಅಷ್ಟೂ ಮಕ್ಕಳಿಗೆ ಮಾಡುವ ದ್ರೋಹ.

ಹೆಸರು ಬಂದರೆ ಭಯ ಹೋಗುತ್ತದೆ ಎನ್ನುವವರು ಭೂಪೇನ್ ಖಖ್ಖರ್ ಅವರನ್ನು ನೆನೆಯಲಿ. 1934ರಲ್ಲಿ ಮುಂಬೈಯಲ್ಲಿ ಹುಟ್ಟಿ, ಲೆಕ್ಕಪರಿಶೋಧಕನ ಕೆಲಸ ಮಾಡುತ್ತ, ಬರೋಡದಲ್ಲಿ ನೆಲೆಸಿ ಚಿತ್ರ ಬರೆದವರು. ತಾಯಿ ತೀರಿಕೊಂಡ ಮೇಲಷ್ಟೇ ಅವರು ತಾನು ಸಲಿಂಗಪ್ರೇಮಿ ಎಂದು ಬಹಿರಂಗವಾಗಿ ಚಿತ್ರಿಸಲು ಶುರುಮಾಡಿದ್ದು. ಅಷ್ಟರಲ್ಲಿ ಅವರಿಗೆ ನಲವತ್ತೈದು ದಾಟಿತ್ತು, ಕಲಾಲೋಕದಲ್ಲಿ ಹೆಸರಾಗಿತ್ತು. ಆ ಹೆಸರು ಅವರ ಬಾಯಿ ಬಿಡಿಸಲಿಲ್ಲ. 1981ರ ಅವರ ಹೆಸರಾಂತ ಚಿತ್ರ 'ಯು ಕಾಂಟ್ ಪ್ಲೀಸ್ ಆಲ್'. ಮಹಡಿಯ ಬಾಲ್ಕನಿಯಲ್ಲಿ ಒಬ್ಬ ಬೆತ್ತಲೆ ಗಂಡಸು ನಮಗೆ ಬೆನ್ನು ತೋರಿಸಿ ನಿಂತಿದ್ದಾನೆ. ಅವನ ಕಣ್ಣೆದುರು ಬೀದಿಯಲ್ಲಿ ಅಪ್ಪ, ಮಗ ಮತ್ತು ಕತ್ತೆಯ ಕತೆ ನಡೆಯುತ್ತಿದೆ. ನಾವು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಕತೆ. ದಾರಿಹೋಕರು ಏನೆಂದರೆ ಅದನ್ನು ಮಾಡುತ್ತ ಹೋದ ಅಪ್ಪ ಕೊನೆಗೆ ಕತ್ತೆಯನ್ನೇ ಕಳೆದುಕೊಂಡ ಕತೆ. ಅಪ್ಪಂದಿರು ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಅದೇ. ಅಪ್ಪನಿಗೆ ಮಗನ ಮೇಲೆ ಪ್ರೀತಿಯಿಲ್ಲವೆಂದಲ್ಲ. ಬೀದಿಯ ಭಯ ಆ ಪ್ರೀತಿಗಿಂತ ದೊಡ್ಡದಾಗಿದೆ. ಅದೇ ಬೀದಿ ಚಪ್ಪಾಳೆ ತಟ್ಟಿದ ದಿನ ಅಪ್ಪ ಮಗನನ್ನು ತಬ್ಬಿಕೊಳ್ಳುತ್ತಾನೆ. ಆ ಅಪ್ಪುಗೆಯೂ ಬೀದಿಯ ಅಪ್ಪಣೆಯೇ. ನಾಳೆ ಬೀದಿ ಮಾತು ಬದಲಿಸಿದರೆ ಅಪ್ಪನ ತೋಳೂ ಸಡಿಲವಾಗುತ್ತದೆ.

1982ರಲ್ಲಿ ಭೂಪೇನ್ ಬರೆದ 'ಟೂ ಮೆನ್ ಇನ್ ಬನಾರಸ್' ಚಿತ್ರ 2019ರಲ್ಲಿ ಲಂಡನ್ನಿನ ಹರಾಜಿನಲ್ಲಿ 25 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಇಬ್ಬರು ಗಂಡಸರ ಅಪ್ಪುಗೆಯ ಚಿತ್ರಕ್ಕೆ ಕೋಟಿಗಟ್ಟಲೆ ಕೊಡುವವರಿದ್ದಾರೆ. ಹಾಗೆ ಅಪ್ಪಿಕೊಂಡವರಿಗೆ ಬಾಡಿಗೆಗೆ ಒಂದು ಕೋಣೆ ಕೊಡುವವರು ಎಷ್ಟು ಜನ?

ಹಾಗಾದರೆ ಕಲೆಗೆ ಇಲ್ಲಿ ಕೆಲಸವೇ ಇಲ್ಲವೆ? ಇದೆ, ದೊಡ್ಡದೇ ಇದೆ. ಆದರೆ ಆ ಕೆಲಸ ಮಗನ ಪರವಾಗಿ ಕ್ಷಮೆ ಕೇಳುವುದಲ್ಲ. ಸಲಿಂಗಪ್ರೇಮಿಯೊಬ್ಬನ ಸುತ್ತ ವಸುಧೇಂದ್ರ ಬರೆದ ಕಥಾಸಂಕಲನ 'ಮೋಹನಸ್ವಾಮಿ' 2013ರಲ್ಲಿ ಬಂತು. ಆ ಹೊತ್ತಿಗಾಗಲೇ ಅವರು ಕನ್ನಡದ ಮನೆಮಾತಾದ ಲೇಖಕರು. ಆದರೂ ಆ ಸರಣಿಯ ಮೊದಲ ಕತೆ ಅಚ್ಚಾದದ್ದು ಬೇರೆ ಹೆಸರಿನಲ್ಲಿ. ಇಷ್ಟು ಓದುಗರ ಪ್ರೀತಿ ಗಳಿಸಿದ ಲೇಖಕನೇ ಹೆಸರು ಮರೆಸಿಕೊಳ್ಳಬೇಕಾಯಿತೆಂದರೆ ಸಾಧನೆಯ ರಕ್ಷೆ ಎಷ್ಟು ತೆಳುವೆಂದು ಲೆಕ್ಕ ಹಾಕಿ. ಆ ಪುಸ್ತಕದ ಬಲ ಇರುವುದು ಅದು ಯಾರ ಮೆಚ್ಚುಗೆಯನ್ನೂ ಬೇಡುವುದಿಲ್ಲ ಎಂಬಲ್ಲಿ. ಮೋಹನಸ್ವಾಮಿಗೆ ಆಸೆಯಿದೆ, ಭಯವಿದೆ, ಹೊಟ್ಟೆಕಿಚ್ಚಿದೆ, ಸಣ್ಣತನವೂ ಇದೆ. ಅವನು ದೊಡ್ಡ ಕಲಾವಿದನಾಗಿ ತನ್ನನ್ನು ಸಾಬೀತು ಮಾಡಿಕೊಳ್ಳಬೇಕೆಂದು ಕತೆ ಕೇಳುವುದಿಲ್ಲ. ಅವನು ಮನುಷ್ಯ, ಅಷ್ಟು ಸಾಕು ಎನ್ನುತ್ತದೆ. ಅಂಥ ಪುಸ್ತಕ ಓದಬೇಕಾದವನು ಅಪ್ಪ. ಕಲಿಯಬೇಕಾದವನು ಅಪ್ಪ. ನಮ್ಮ ಕಣ್ಣೀರಿನ ಕತೆಗಳು ಇದನ್ನು ತಿರುಗುಮುರುಗು ಮಾಡಿವೆ. ಮಗ ಹಗಲಿರುಳು ದುಡಿಯುತ್ತಾನೆ, ಅಪ್ಪ ಕೂತು ಅಂಕ ಹಾಕುತ್ತಾನೆ.

ಇನ್ನು "ನಮ್ಮ ಸಂಪ್ರದಾಯ" ಎಂಬ ಮಾತು. ಸಲಿಂಗ ಸಂಬಂಧವನ್ನು ಈ ದೇಶದಲ್ಲಿ ಜೈಲಿಗೆ ಕಳಿಸುವ ಅಪರಾಧವನ್ನಾಗಿ ಮಾಡಿದ 377ನೇ ಕಲಮನ್ನು ಬರೆದವರು ನಮ್ಮ ಅಜ್ಜ ಮುತ್ತಜ್ಜಂದಿರಲ್ಲ. 1860ರಲ್ಲಿ ಬ್ರಿಟಿಷರು ತಮ್ಮ ವಿಕ್ಟೋರಿಯಾ ಕಾಲದ ನೀತಿಯನ್ನು ದಂಡಸಂಹಿತೆಯಾಗಿ ನಮ್ಮ ಮೇಲೆ ಹೇರಿದರು. ಅದನ್ನು ಕುಲಧರ್ಮವೆಂದು ಕಾಪಾಡಿಕೊಂಡು ಬಂದವರು ನಾವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಪರಸ್ಪರ ಒಪ್ಪಿದ ವಯಸ್ಕರ ಸಂಬಂಧವನ್ನು ಆ ಕಲಮಿನಿಂದ ಹೊರಗಿಟ್ಟಿತು. ಆ ತೀರ್ಪಿಗೆ ಹೆಸರಾಗಿರುವ ಅರ್ಜಿದಾರ ನವತೇಜ್ ಸಿಂಗ್ ಜೋಹರ್ ಭರತನಾಟ್ಯದ ಕಲಾವಿದ. ಕೋರ್ಟು ಅವರ ಕಲಾಸಾಧನೆಯನ್ನು ತೂಗಿ ಹಕ್ಕು ಕೊಟ್ಟಿತೆ? ಇಲ್ಲ. ಅವರಿಗೆ ಸಿಕ್ಕ ಹಕ್ಕು ಹೆಸರಿಲ್ಲದ ಕೂಲಿಯವನಿಗೂ ಅಷ್ಟೇ ಸಿಕ್ಕಿತು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ಆ ತೀರ್ಪಿನಲ್ಲಿ, ಇಷ್ಟು ತಡ ಮಾಡಿದ್ದಕ್ಕಾಗಿ ಇತಿಹಾಸವೇ ಈ ಜನರ ಮತ್ತು ಅವರ ಮನೆಯವರ ಕ್ಷಮೆ ಕೇಳಬೇಕು ಎಂದು ಬರೆದರು. ದೇಶದ ಅತ್ಯುನ್ನತ ನ್ಯಾಯಾಲಯ ಹೀಗೆ ಹೇಳಿದ ಮೇಲೂ ಮಗನೇ ಬಣ್ಣ ಹಚ್ಚಿ, ಕುಣಿದು, ಬರೆದು ಅಪ್ಪನ ಮನ್ನಣೆ ಬೇಡಬೇಕೆ?

"ಅಪ್ಪನಿಗೂ ಸಮಯ ಬೇಕು" ಎನ್ನುತ್ತಾರೆ. ಆ ಸಮಯ ಯಾರ ಆಯುಸ್ಸಿನಿಂದ ಕಡಿತವಾಗುತ್ತದೆ? ಅಪ್ಪ ಕಾಯುತ್ತಿರುವಾಗ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೊದಲು ಜ್ಯೋತಿಷಿ, ಆಮೇಲೆ ಹರಕೆ, ಆಮೇಲೆ "ಸರಿಮಾಡಿಕೊಡುವ" ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಇಂಥ ಚಿಕಿತ್ಸೆ ವೃತ್ತಿಗೇಡು ಎಂದು ನಮ್ಮ ದೇಶದ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಆದರೂ ರೋಗವಿಲ್ಲದ ಹುಡುಗನಿಗೆ ಮಾತ್ರೆ ನುಂಗಿಸುವವರು ಇದ್ದಾರೆ. ಅದೂ ನಡೆಯದಿದ್ದರೆ ಕೊನೆಯ ಮದ್ದು ಮದುವೆ. "ಮದುವೆ ಒಂದು ಆಗ್ಲಿ, ಎಲ್ಲ ಸರಿಹೋಗುತ್ತೆ." ಸರಿಹೋಗುವುದಿಲ್ಲ. ಏನೂ ಗೊತ್ತಿಲ್ಲದೆ ಧಾರೆ ಎರೆಸಿಕೊಂಡು ಬಂದ ಆ ಹುಡುಗಿ ತನ್ನಲ್ಲೇ ಏನೋ ದೋಷವಿದೆ ಎಂದು ಕೊರಗುತ್ತ ವರ್ಷಗಳನ್ನು ಕಳೆಯುತ್ತಾಳೆ. ಅವಳು ಯಾರ ಮಗಳು? ಅವಳ ಕಣ್ಣೀರಿನ ಲೆಕ್ಕ ಯಾರ ಖಾತೆಗೆ? ಮಗನ ಸತ್ಯ ಗೊತ್ತಿದ್ದೂ ಹೆಣ್ಣು ನೋಡಲು ಹೋಗುವ ಅಪ್ಪ ಇನ್ನೊಬ್ಬರ ಮಗಳಿಗೆ ಮೋಸ ಮಾಡುತ್ತಿದ್ದಾನೆ. ಅದಕ್ಕೆ ಮರ್ಯಾದೆಯ ಹೆಸರು ಕೊಟ್ಟ ಮಾತ್ರಕ್ಕೆ ಮೋಸ ಮೋಸವಲ್ಲದೆ ಹೋಗುವುದಿಲ್ಲ.

ದೊಡ್ಡವರು ಬದಲಾಗಲಾರರು ಎಂಬ ಮಾತೂ ಸುಳ್ಳು. 2021ರಲ್ಲಿ ಇಬ್ಬರು ಯುವತಿಯರು ಮನೆಯವರಿಂದ ರಕ್ಷಣೆ ಕೇಳಿ ಮದ್ರಾಸ್ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ತಮಗೆ ಈ ವಿಷಯ ಅರ್ಥವಾಗಿಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ತಾವೇ ಮನೋವಿಜ್ಞಾನಿಯ ಬಳಿ ಕೂತು ಕೇಳಿ ತಿಳಿದುಕೊಂಡರು. ಆಮೇಲೆ ಬರೆದ ಆದೇಶದಲ್ಲಿ ಒಲವನ್ನು ಬದಲಿಸುವ ಚಿಕಿತ್ಸೆಗಳನ್ನು ನಿಷೇಧಿಸಿದರು. ಆ ಹುಡುಗಿಯರಿಂದ ಅವರು ಹಾಡನ್ನೂ ಕೇಳಲಿಲ್ಲ, ಚಿತ್ರವನ್ನೂ ಕೇಳಲಿಲ್ಲ. ಹೈಕೋರ್ಟಿನ ನ್ಯಾಯಮೂರ್ತಿ ಕೆಲವೇ ವಾರಗಳಲ್ಲಿ ಮಾಡಿದ್ದನ್ನು ಹೆತ್ತ ಅಪ್ಪ ಹತ್ತು ವರ್ಷವಾದರೂ ಮಾಡಲಾರನೆ?

ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದವನೂ ಕಾನೂನಿನ ಕಣ್ಣಿಗೆ ಗಂಡನಲ್ಲ, ವಾರಸುದಾರನಲ್ಲ. ಕಾನೂನು ಹೀಗೆ ಕೈಬಿಟ್ಟಿರುವಾಗ ಮನೆಯ ಹೊಣೆ ಇನ್ನೂ ಹೆಚ್ಚುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ, ಆಸ್ತಿಯ ಪತ್ರದಲ್ಲಿ, ಚಿತೆಯ ಮುಂದೆ ಆ ಜೊತೆಗಾರನಿಗೆ ಜಾಗ ಕೊಡುವವರೂ ಕಸಿಯುವವರೂ ಮನೆಯವರೇ.

ಆದ್ದರಿಂದ ಕಾಯುವುದು ಸಾಕು. ಅಪ್ಪಂದಿರೇ, ಮಗ ಬಾಯಿಬಿಟ್ಟ ದಿನವೇ "ನೀನು ನನ್ನ ಮಗ" ಎಂದು ಹೇಳಿ. ಅರ್ಥವಾಗದಿದ್ದರೆ ಆಮೇಲೆ ಕೇಳಿ, ಓದಿ, ತಿಳಿದುಕೊಳ್ಳಿ. ಗೊತ್ತಿದ್ದೂ ಅವನಿಗೆ ಹೆಣ್ಣು ಹುಡುಕುವುದನ್ನು ಇಂದೇ ನಿಲ್ಲಿಸಿ. ಬುದ್ಧಿ ಹೇಳುವ ಬಂಧುಗಳೇ, "ಮೊದಲು ಸಾಧಿಸು" ಎಂದು ಹುಡುಗನಿಗೆ ಹೇಳುವ ಬದಲು ಅವನಪ್ಪನ ಎದುರು ಕೂತು ಮಾತಾಡಿ. ಧೈರ್ಯ ಬೇಕಾದದ್ದು ಅಲ್ಲಿ. ಕತೆಗಾರರೇ, ನಿರ್ದೇಶಕರೇ, ಒಂದು ಪ್ರಶಸ್ತಿಯನ್ನೂ ಗೆಲ್ಲದ, ಯಾವ ವಿದ್ಯೆಯೂ ಬಾರದ ಸಾಮಾನ್ಯ ಗೇ ಮಗನನ್ನು ಅವನಪ್ಪ ಪ್ರೀತಿಸುವ ಕತೆ ಬರೆಯಿರಿ. ಅಕಾಡೆಮಿಗಳೇ, ಮೇಳಗಳ ಯಜಮಾನರೇ, ನೃತ್ಯಶಾಲೆಯ ಗುರುಗಳೇ, ನಿಮ್ಮ ಬಳಿ ಕಲಿಯಲು ಬರುವ ಮಕ್ಕಳಲ್ಲಿ ಇವರೂ ಇದ್ದಾರೆ. ಅವರನ್ನು ಅಣಕಿಸುವ ಬಾಯಿಗಳನ್ನು ಮುಚ್ಚಿಸುವುದು ನಿಮ್ಮ ಕೆಲಸ. ಸಮಾರಂಭ ನಡೆಸುವವರೇ, ಕಲಾವಿದನ ಜೊತೆಗಾರನನ್ನು ಹೆಸರು ಹಿಡಿದು ವೇದಿಕೆಗೆ ಕರೆಯಿರಿ. ಮಗನ ಶಾಲು ಮಾತ್ರ ಬೇಕು, ಮಗನ ಬದುಕು ಬೇಡ ಎನ್ನುವ ಅಪ್ಪನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಬೇಡಿ.